ಮಾನಸೋಲ್ಲಾಸದ ಎರಕವಿಧಿ

ವಡೋದರೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯು 1916ರಲ್ಲಿ ರಾಜಶೇಖರನ ಕಾವ್ಯಮೀಮಾಂಸೆಯೊಡನೆ ಆರಂಭವಾಯಿತು. ಶಿಲ್ಪಶಾಸ್ತ್ರಕ್ಕೆ ಅದು ಸಲ್ಲಿಸಿರುವ ಸೇವೆ ಅಲ್ಪವಲ್ಲ. ಭೋಜನ ಸಮರಾಂಗಣಸೂತ್ರಧಾರ, ಪಶ್ಚಿಮ ಭಾರತದ ಅಪರಾಜಿತಪೃಚ್ಛಾ ಎರಡೂ ಈ ಮಾಲೆಯಲ್ಲಿಯೇ ಬೆಳಕು ಕಂಡವು. ಕನ್ನಡಿಗರಿಗೆ ಇವೆರಡಕ್ಕಿಂತಲೂ ಹತ್ತಿರವಾದುದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಮಾನಸೋಲ್ಲಾಸ. ಪಾಟಣದಲ್ಲಿ ಸಿದ್ಧರಾಜ ಜಯಸಿಂಹನು ಆಳುತ್ತಿದ್ದ ಕಾಲದಲ್ಲಿ ಹುಟ್ಟಿದ ಈ ಸಂಸ್ಕೃತ ಗ್ರಂಥದ ಮೊದಲ ಸಂಪುಟವನ್ನು ಜಿ. ಕೆ. ಶ್ರೀಗೊಂಡೇಕರರು 1925ರಲ್ಲಿ ಹೊರತಂದರು. ಮೂರನೆಯದು ಬಂದದ್ದು 1961ರಲ್ಲಿ. ಅಭಿಲಷಿತಾರ್ಥಚಿಂತಾಮಣಿ ಎಂಬ ಅದರ ಇನ್ನೊಂದು ಹೆಸರಿನಲ್ಲಿ ಮೈಸೂರಿನಿಂದಲೂ 1926ರಲ್ಲಿ ಒಂದು ಭಾಗ ಪ್ರಕಟವಾಯಿತು.

ನೂರು ಅಧ್ಯಾಯಗಳ ಈ ಮಹಾಕೋಶದ ಮೊದಲಲ್ಲಿಯೇ, ದೇವತಾಭಕ್ತಿಯ ಪ್ರಸಂಗದಲ್ಲಿ, ಲೋಹಪ್ರತಿಮೆಗಳ ಎರಕದ ಕ್ರಮ ಬರುತ್ತದೆ. ಸುಮಾರು ಇಪ್ಪತ್ತು ಶ್ಲೋಕಗಳು ಮಾತ್ರ. ಶಿಲ್ಪಗ್ರಂಥಗಳೆಂದರೆ ತಾಳಮಾನದ ಅಂಕೆಗಳ ಪಟ್ಟಿಯೆಂದು ಬೇಸರಪಡುವವರು ಇವನ್ನು ಓದಬೇಕು.

ಮೊದಲು ಮೇಣದಲ್ಲಿ ಪ್ರತಿಮೆಯನ್ನು ಪೂರ್ಣವಾಗಿ ರೂಪಿಸಿ, ಬೆನ್ನು, ಹೆಗಲು, ಕಿರೀಟ ಮೊದಲಾದೆಡೆ ಉದ್ದನೆಯ ನಾಳಗಳನ್ನಿಡಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಅರಳೆ, ತುಸು ಉಪ್ಪು ಸೇರಿಸಿ ನುಣ್ಣಗೆ ಅರೆದ ಮಣ್ಣನ್ನು ಮೂರು ಸಲ ಬಳಿಯಬೇಕು. ಮೊದಲ ಲೇಪ ತೆಳುವಾಗಿರಬೇಕು, ನೆರಳಿನಲ್ಲಿ ಒಣಗಬೇಕು, ಕೊನೆಯದು ದಪ್ಪ. ನಾಳದ ಬಾಯಿ ಮಾತ್ರ ತೆರೆದಿರಬೇಕು. ಅಚ್ಚನ್ನು ಕಾಯಿಸಿದರೆ ಮೇಣ ಕರಗಿ ಹೊರಗೆ ಹರಿಯುತ್ತದೆ. ಆ ಬರಿದಾದ ಜಾಗಕ್ಕೆ ಮೂಸೆಯಲ್ಲಿ ಕರಗಿದ ಲೋಹವನ್ನು ಧಾರೆ ಕಡಿಯದಂತೆ ಹೊಯ್ಯಬೇಕು. ಆರಿದ ಮೇಲೆ ಮಣ್ಣನ್ನೊಡೆದು, ನಾಳಗಳನ್ನು ಕತ್ತರಿಸಿ, ಪ್ರತಿಮೆಯನ್ನು ಉಜ್ಜಿ ಹದಗೊಳಿಸುವುದು.

ಇಲ್ಲಿಯ ಸೂಕ್ಷ್ಮವೆಲ್ಲ ತೂಕದಲ್ಲಿದೆ. ಧಾರೆಯ ನಡುವೆ ಲೋಹ ಸಾಲದೆ ಹೋದರೆ ಅಷ್ಟು ದಿನದ ಶ್ರಮ ಹಾಳು. ಆದುದರಿಂದ ಮಣ್ಣು ಬಳಿಯುವ ಮೊದಲೇ ಮೇಣವನ್ನು ತೂಗಬೇಕೆಂದು ಗ್ರಂಥ ವಿಧಿಸುತ್ತದೆ: ತಾಮ್ರ ಹಿತ್ತಾಳೆಗಳು ಮೇಣದ ಎಂಟು ಹತ್ತು ಪಟ್ಟು, ಬೆಳ್ಳಿ ಹನ್ನೆರಡು ಪಟ್ಟು, ಚಿನ್ನ ಹದಿನಾರು ಪಟ್ಟು. ಜೇನುಮೇಣದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ತಾಮ್ರದ್ದು ಅದರ ಒಂಬತ್ತು ಪಟ್ಟಿಗೆ ಸಮೀಪ, ಬೆಳ್ಳಿಯದು ಹನ್ನೊಂದಕ್ಕೆ ಸಮೀಪ. ಲೆಕ್ಕ ಸರಿಹೋಗುವುದಷ್ಟೇ ಅಲ್ಲ, ಬೆಳ್ಳಿಯಲ್ಲಿ ತುಸು ಉಳಿಕೆಯೂ ದೊರೆಯುತ್ತದೆ. ಪಂಡಿತನ ಊಹೆಯಿಂದ ಬರುವ ಅಂಕೆಗಳಲ್ಲ ಇವು. ಕುಲುಮೆಯ ಬಳಿ ನಿಂತವರಿಂದ ಬಂದಿರಬೇಕು.

ಚಿನ್ನದ ಅಂಕೆ ಮಾತ್ರ ವಿಚಾರಾರ್ಹ. ಅಪ್ಪಟ ಚಿನ್ನವು ಮೇಣಕ್ಕಿಂತ ಇಪ್ಪತ್ತು ಪಟ್ಟು ಭಾರ. ಹದಿನಾರು ಪಾಲು ಹಾಕಿದರೆ ಅಚ್ಚು ತುಂಬದು. ಕಾಲು ಭಾಗದಷ್ಟು ಬೆಳ್ಳಿ ತಾಮ್ರಗಳು ಬೆರೆತ ಚಿನ್ನಕ್ಕಾದರೆ ಅದೇ ಅಂಕೆ ಒಪ್ಪುತ್ತದೆ. ಹೀಗೆ ನೋಡಿದಲ್ಲಿ, ಕಲ್ಯಾಣದ ಎರಕದವರು ದೇವರ ಪ್ರತಿಮೆಗೆ ಬಳಸುತ್ತಿದ್ದ ಚಿನ್ನವು ಅಪರಂಜಿಯಾಗಿರಲಿಲ್ಲವೆಂದು ತೋರುತ್ತದೆ.