ಹಸು ಕಂದು ಹಾಕಿತೇ? ಇಡೀ ಕೊಟ್ಟಿಗೆಗೆ ಪರೀಕ್ಷೆ ಮಾಡಿಸಿ

ಗಬ್ಬದ ಹಸು ಆರೇಳು ತಿಂಗಳಿಗೇ ಕಂದು ಹಾಕಿದರೆ 'ಯಾರದೋ ಕಣ್ಣು ಬಿತ್ತು' ಎಂದು ಸುಮ್ಮನಾಗುವವರುಂಟು. ಕಾರಣಗಳು ಹಲವಿರಬಹುದು. ಆದರೆ ಮೊದಲು ಅನುಮಾನಿಸಬೇಕಾದದ್ದು ಬ್ರುಸೆಲ್ಲೋಸಿಸ್, ಅಂದರೆ ಕಂದು ರೋಗವನ್ನು. ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಪತ್ತೆ ಹಚ್ಚಿದರು.

ಈ ರೋಗ ಬಹಳ ಮೋಸದ್ದು. ಒಮ್ಮೆ ಕಂದು ಹಾಕಿದ ಹಸು ಮುಂದಿನ ಸಲ ಸಾಮಾನ್ಯವಾಗಿ ದಿನ ತುಂಬಿಯೇ ಕರು ಹಾಕುತ್ತದೆ. ನೋಡಲು ಆರೋಗ್ಯವಾಗಿಯೇ ಇರುತ್ತದೆ. ಆದರೆ ರೋಗಾಣು ಕೆಚ್ಚಲಲ್ಲಿ ಉಳಿದು ಹಾಲಿನಲ್ಲಿ, ಕರು ಹಾಕುವಾಗ ಕಸ ಹಾಗೂ ಸ್ರಾವದಲ್ಲಿ ಹೊರಬರುತ್ತಿರುತ್ತದೆ. ಆದ್ದರಿಂದ ಕಂದು ಹಾಕಿದ ಹಸುವೊಂದನ್ನೇ ಅಲ್ಲ, ಕೊಟ್ಟಿಗೆಯ ಎಲ್ಲ ರಾಸುಗಳನ್ನೂ ಪರೀಕ್ಷಿಸಬೇಕು.

ಪರೀಕ್ಷೆ ಕಷ್ಟದ್ದಲ್ಲ. ಹಲವು ಹಸುಗಳ ಹಾಲು ಕೂಡಿಸಿ, ಬಣ್ಣ ಹಚ್ಚಿದ ರೋಗಾಣು ದ್ರಾವಣದ ಹನಿ ಹಾಕಿದರೆ, ಸೋಂಕಿದ್ದಲ್ಲಿ ಕೆನೆಯ ಪದರ ನೀಲಿ ಉಂಗುರವಾಗುತ್ತದೆ. ಕೆಚ್ಚಲು ಬಾವಿನ ಹಾಲು, ಗಿಣ್ಣು ಹಾಲು ಬೆರೆತರೆ ಮಾತ್ರ ಈ ಉಂಗುರವನ್ನು ನಂಬುವಂತಿಲ್ಲ. ಬಳಿಕ ಒಂದೊಂದು ರಾಸಿನ ರಕ್ತ ತೆಗೆದು ರೋಸ್ ಬೆಂಗಾಲ್ ಪರೀಕ್ಷೆ. ನಾಲ್ಕು ನಿಮಿಷದಲ್ಲಿ ಗುಲಾಬಿ ದ್ರವ ಹರಳುಗಟ್ಟಿದರೆ ಅನುಮಾನ. ಖಚಿತಪಡಿಸಲು ಎಲೈಸಾ ಇದೆ. ಕೊಡಿಗೇಹಳ್ಳಿಯವರಿಗಂತೂ ಒಂದು ಬದಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಇನ್ನೊಂದು ಬದಿಗೆ ಯಲಹಂಕದ ನಿವೇದಿ ಸಂಸ್ಥೆ. ಈ ರೋಗದ ಎಲೈಸಾ ಕಿಟ್ ತಯಾರಿಸಿದ್ದು ಈ ಸಂಸ್ಥೆಯೇ. ಮಾದರಿ ತೆಗೆಯಲು ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಕೇಳಿ.

ಒಂದು ಸಲದ ಪರೀಕ್ಷೆ ಸಾಲದು. ಕರು ಹಾಕುವ ಆಸುಪಾಸಿನಲ್ಲಿ ಸೋಂಕಿದ್ದರೂ ಫಲಿತಾಂಶ 'ಇಲ್ಲ' ಎಂದು ಬರಬಹುದು. ಎರಡು ಮೂರು ವಾರ ಬಿಟ್ಟು ಮತ್ತೆ ನೋಡಬೇಕು. ಹೊಸ ಹಸು ತಂದರೂ ಅಷ್ಟೆ: ಪರೀಕ್ಷೆಯಾಗುವವರೆಗೆ ಬೇರೆ ಕಟ್ಟಿ.

ಸೋಂಕು ಖಚಿತವಾದರೆ? ರಾಸುಗಳಿಗೆ ಭರವಸೆಯ ಔಷಧಿಯಿಲ್ಲ. ಆ ಹಸುವನ್ನು ಪ್ರತ್ಯೇಕಿಸಿ, ಹೋರಿಯ ಬಳಿಗೆ ಬಿಡಬೇಡಿ. ಗುಟ್ಟಾಗಿ ಸಂತೆಗೆ ಹೊಡೆದು ಮಾರುವವರಿದ್ದಾರೆ. ಅದು ರೋಗವನ್ನು ಇನ್ನೊಬ್ಬರ ಮನೆಗೆ ಕಳುಹಿಸಿದಂತೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಲಸಿಕೆ ಹಾಕಿಸಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದೂ ಸೇರಿದೆ.

ಮನೆಯವರ ಮಾತು. ಕಸವನ್ನು, ಸತ್ತ ಕಂದನ್ನು ಬರಿಗೈಯಲ್ಲಿ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಿ, ನಾಯಿಗೆ ಎಸೆಯಬೇಡಿ. ಹಾಲನ್ನು ಕುದಿಸಿಯೇ ಕುಡಿಯಿರಿ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು ವಾರಗಟ್ಟಲೆ ಕಾಡಿದರೆ ವೈದ್ಯರ ಬಳಿ ಹೋಗಿ, ಮನೆಯಲ್ಲಿ ಹಸು ಇದೆಯೆಂದು ಮರೆಯದೆ ಹೇಳಿ. ಮನುಷ್ಯರಿಗೆ ಚಿಕಿತ್ಸೆಯಿದೆ, ಸಾಮಾನ್ಯವಾಗಿ ಆರು ವಾರ ಮಾತ್ರೆ ನುಂಗಬೇಕಾಗುತ್ತದೆ.