ಗುರಿ ಕಳ್ಳ ಸರಿ, ಗೋಡೆಯಾಚೆ ಮಲಗಿರೋದು ಯಾರು?

ಯುದ್ಧದಲ್ಲಿ ಶತ್ರು ಸೈನಿಕನ ಮೇಲೂ ಹಾರಿಸಬಾರದು ಅಂತ ಅಂತಾರಾಷ್ಟ್ರೀಯ ಒಪ್ಪಂದ ಇರುವ ಗುಂಡು ಒಂದಿದೆ. ಅಮೆರಿಕದಲ್ಲಿ ಮನೆ ರಕ್ಷಣೆಗೆ ರಿವಾಲ್ವರ್ ಇಟ್ಟುಕೊಂಡವರಿಗೆ ಬಲ್ಲವರು ಶಿಫಾರಸು ಮಾಡುವುದು ಅದನ್ನೇ. ಕೇಳೋಕೆ ವಿಚಿತ್ರ ಅನಿಸುತ್ತೆ. ಆದರೆ ಇದಕ್ಕೆ ಕಾರಣ ಕ್ರೌರ್ಯವಲ್ಲ, ಭೌತಶಾಸ್ತ್ರ.

ಆತ್ಮರಕ್ಷಣೆಗಾಗಿ ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳುವುದು ಸಾಂವಿಧಾನಿಕ ಹಕ್ಕು ಅಂತ ಅಮೆರಿಕದ ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ಪ್ರಕರಣದಲ್ಲಿ ಹೇಳಿತು. ಹಕ್ಕಿನ ಪ್ರಶ್ನೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳೋಣ. ಅಂಗಡಿಗೆ ಹೋದವನಿಗೆ ಮುಂದಿನ ಪ್ರಶ್ನೆ ಎದುರಾಗುತ್ತೆ: ಯಾವ ಗುಂಡು?

ಜೌಲ್ ಲೆಕ್ಕ

ರಿವಾಲ್ವರ್ ಮಟ್ಟಿಗೆ ಎರಡು ಹೆಸರು ಮುಖ್ಯ: .38 ಸ್ಪೆಷಲ್ ಮತ್ತು 1935ರಲ್ಲಿ ಬಂದ .357 ಮ್ಯಾಗ್ನಮ್. ಗುಂಡಿನ ದಪ್ಪ ಎರಡರಲ್ಲೂ ಒಂದೇ. ಮ್ಯಾಗ್ನಮ್‌ನ ಕವಚ ಮಾತ್ರ ಮೂರು ಮಿಲಿಮೀಟರ್‌ಗಿಂತ ತುಸು ಉದ್ದ. ಹಾಗಾಗಿ .357 ರಿವಾಲ್ವರ್‌ನಲ್ಲಿ .38 ಸ್ಪೆಷಲ್ ಹಾಕಬಹುದು, ಉಲ್ಟಾ ಆಗಲ್ಲ.

ಈಗ ಪಿಯುಸಿ ಫಿಸಿಕ್ಸ್ ನೆನಪಿಸಿಕೊಳ್ಳಿ. ಸುಮಾರು 10 ಗ್ರಾಂ ತೂಕದ ಸೀಸದ ಗುಂಡು .38ರಲ್ಲಿ ಸೆಕೆಂಡಿಗೆ ಸುಮಾರು 230 ಮೀಟರ್ ವೇಗದಲ್ಲಿ ಹೊರಟರೆ, ಮ್ಯಾಗ್ನಮ್‌ನಲ್ಲಿ ಸುಮಾರು 375 ಮೀಟರ್ ವೇಗದಲ್ಲಿ ಹೊರಡುತ್ತೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತ ತಾನೇ? 270 ಜೌಲ್ ಇದ್ದದ್ದು 720 ಆಗುತ್ತೆ. ಹೆಚ್ಚಾದ ಶಕ್ತಿಯ ಜೊತೆ ಹೆಚ್ಚಿನ ಒದೆತ, ಕಣ್ಣು ಕುಕ್ಕುವ ಬೆಂಕಿ, ಮುಚ್ಚಿದ ಕೋಣೆಯಲ್ಲಿ ಕಿವಿಗೆ ಶಾಶ್ವತ ಹಾನಿ ಮಾಡಬಲ್ಲ ಸದ್ದು ಎಲ್ಲವೂ ಬರುತ್ತೆ. ಮೊದಲ ಗುಂಡು ತಪ್ಪಿದರೆ ಎರಡನೆಯದನ್ನು ನಿಯಂತ್ರಿಸೋದು ಇನ್ನೂ ಕಷ್ಟ.

ಗೋಡೆ ಅನ್ನೋ ಸಮಸ್ಯೆ

ಅಮೆರಿಕದ ಬಹುತೇಕ ಮನೆಗಳ ಒಳಗೋಡೆ ನಮ್ಮ ಇಟ್ಟಿಗೆ ಗೋಡೆಯಂಥದ್ದಲ್ಲ. ಮರದ ಚೌಕಟ್ಟಿನ ಎರಡೂ ಬದಿಗೆ ಅರ್ಧ ಇಂಚಿನ ಜಿಪ್ಸಂ ಹಲಗೆ, ಅಷ್ಟೇ. ಗುರಿ ತಪ್ಪಿದ ಗುಂಡು ಅದನ್ನು ಸುಲಭವಾಗಿ ಸೀಳಿಕೊಂಡು ಪಕ್ಕದ ಕೋಣೆಗೆ ಹೋಗುತ್ತೆ. ಗುರಿ ಮುಟ್ಟಿದ ಗುಂಡೂ ದೇಹ ದಾಟಿ ಆಚೆ ಹೋಗಬಹುದು.

ಇದಕ್ಕೆ ಉತ್ತರವಾಗಿ ಇರೋದು ಹಾಲೋ ಪಾಯಿಂಟ್, ಅಂದರೆ ಮೂತಿಯಲ್ಲಿ ಕುಳಿ ಇರುವ ಗುಂಡು. ಇದು ದೇಹದೊಳಗೆ ಹೂವಿನಂತೆ ಅರಳಿ, ಶಕ್ತಿ ಕಳೆದುಕೊಂಡು, ಅಲ್ಲೇ ನಿಲ್ಲಬೇಕು ಅನ್ನೋದು ಲೆಕ್ಕಾಚಾರ. ಹೀಗೆ ಹಿಗ್ಗುವ ಗುಂಡಿಗೂ ನಮಗೂ ಹಳೇ ನಂಟಿದೆ. 1890ರ ದಶಕದಲ್ಲಿ ಬ್ರಿಟಿಷರು ಕಲ್ಕತ್ತಾ ಬಳಿಯ ಡಮ್ ಡಮ್ ಕಾರ್ಖಾನೆಯಲ್ಲಿ ಇಂಥ ಗುಂಡು ತಯಾರಿಸಿದರು. ಊರಿನ ಹೆಸರೇ ಗುಂಡಿನ ಹೆಸರಾಯಿತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಆದರೆ ರಣರಂಗದ ತರ್ಕ ಬೇರೆ, ಅಪಾರ್ಟ್‌ಮೆಂಟಿನ ತರ್ಕ ಬೇರೆ. ನ್ಯೂಜೆರ್ಸಿಯಲ್ಲಿ ನಿಮ್ಮ ಅಕ್ಕನೋ ಗೆಳೆಯನೋ ಇದ್ದರೆ ಕೇಳಿ ನೋಡಿ: ಅಲ್ಲಿ ಹಾಲೋ ಪಾಯಿಂಟ್ ಮನೆಯಲ್ಲಿ ಇಟ್ಟುಕೊಳ್ಳಬಹುದು, ಹೊರಗೆ ಒಯ್ಯೋಕೆ ಮಾತ್ರ ಬಿಗಿ ನಿರ್ಬಂಧಗಳಿವೆ.

ಹಾಗಂತ ಗುಂಡು ತೀರಾ ಬೇಗ ನಿಂತರೂ ಉಪಯೋಗವಿಲ್ಲ. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸತ್ತರು. ಆರೋಪಿಗೆ ತಗುಲಿದ ಒಂದು ಗುಂಡು ಹೃದಯ ತಲುಪುವ ಮೊದಲೇ ನಿಂತಿತ್ತು. ಆಮೇಲೆ ಎಫ್‌ಬಿಐ ಒಂದು ಮಾನದಂಡ ಮಾಡಿಕೊಂಡಿತು: ದೇಹವನ್ನು ಅನುಕರಿಸುವ ಜೆಲಟಿನ್‌ನಲ್ಲಿ ಗುಂಡು 12ರಿಂದ 18 ಇಂಚು ಇಳಿಯಬೇಕು. ಈ ಪರೀಕ್ಷೆ ಪಾಸಾಗುವ, ಕೈಗೆ ಹತೋಟಿಗೆ ಸಿಗುವ .38 ಹಾಲೋ ಪಾಯಿಂಟ್ ಮನೆಯೊಳಗೆ ಮ್ಯಾಗ್ನಮ್‌ಗಿಂತ ವಿವೇಕದ ಆಯ್ಕೆ.

ಆದರೂ ಭರವಸೆ ಪೂರ್ತಿ ಇಲ್ಲ. ಎರಡು ಇಂಚಿನ ಗಿಡ್ಡ ನಳಿಕೆಯಿಂದ ಹೊರಟರೆ ವೇಗ ಸಾಲದೆ ಗುಂಡು ಅರಳದೇ ಹೋಗಬಹುದು. ಮೊದಲು ಜಿಪ್ಸಂ ಹಲಗೆಗೆ ಬಡಿದರೆ ಮೂತಿಯ ಕುಳಿಯಲ್ಲಿ ಪುಡಿ ತುಂಬಿಕೊಂಡು, ಅದು ಮಾಮೂಲಿ ಗುಂಡಿನಂತೆಯೇ ಮುಂದಕ್ಕೆ ಸಾಗುತ್ತೆ. ಅಂದರೆ ಗುರಿ ತಪ್ಪಿದಾಗ ಪಕ್ಕದ ಕೋಣೆಯ ಮಗುವನ್ನು ಕಾಯುವ ಗುಂಡು ಅಂತ ಯಾವುದೂ ಇಲ್ಲ.

ಪೆಟ್ಟಿಗೆಯಲ್ಲಿ ಸಿಗದ ಉತ್ತರ

ಅಮೆರಿಕದಲ್ಲಿ 2023ರಲ್ಲಿ ಬಂದೂಕಿನಿಂದ ಸತ್ತವರು ಸುಮಾರು 47 ಸಾವಿರ ಜನ. ಅದರಲ್ಲಿ 27 ಸಾವಿರಕ್ಕೂ ಹೆಚ್ಚು ಆತ್ಮಹತ್ಯೆಗಳು. ಆ ಸಾವುಗಳಿಗೆ ಗುಂಡಿನ ವಿನ್ಯಾಸದಲ್ಲಿ ಪರಿಹಾರ ಇಲ್ಲ. ಕೆಟ್ಟ ಗಳಿಗೆಯಲ್ಲಿ ಬಂದೂಕು ಕೈಗೆ ಸಿಗದಂತೆ ಮಾಡುವ ಬೀಗ ಕೆಲವರನ್ನಾದರೂ ಉಳಿಸಬಹುದು.

ಆದರೆ ಬೀಗದ ವಿಷಯದಲ್ಲಿ ರಾಜಕೀಯ ಅಡ್ಡ ಬರುತ್ತೆ. ಮನೆಯಲ್ಲಿರುವ ಬಂದೂಕನ್ನು ಬಿಚ್ಚಿಡಬೇಕು ಅಥವಾ ಟ್ರಿಗರ್‌ಗೆ ಬೀಗ ಹಾಕಿಡಬೇಕು ಎಂಬ ವಾಷಿಂಗ್ಟನ್ ನಗರದ ನಿಯಮ, ಆತ್ಮರಕ್ಷಣೆಯನ್ನೇ ಅಸಾಧ್ಯವಾಗಿಸುತ್ತದೆ ಅಂತ ಅದೇ ಹೆಲ್ಲರ್ ತೀರ್ಪಿನಲ್ಲಿ ಬಿದ್ದುಹೋಯಿತು. ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳು ಬಳಸದಿರುವಾಗ ಬೀಗ ಕಡ್ಡಾಯ ಮಾಡಿವೆ. ಹಲವು ರಾಜ್ಯಗಳು ಅಷ್ಟು ದೂರ ಹೋಗಿಲ್ಲ.

ಯಾವ ಗುಂಡು ಎಷ್ಟು ಇಂಚು ಇಳಿಯುತ್ತೆ ಅಂತ ಅಳೆಯೋಕೆ ಆ ದೇಶದಲ್ಲಿ ಮಾನದಂಡವಿದೆ. ಗುಂಡು ತುಂಬಿದ ರಿವಾಲ್ವರ್ ರಾತ್ರಿ ಎಲ್ಲಿರಬೇಕು ಅನ್ನೋದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಒಂದು ನಿಯಮ ಇಲ್ಲ. ಮನೆಯವರ ಸುರಕ್ಷತೆಯ ಬಗ್ಗೆ ಮಾತಾಡುವವರು ಮೊದಲು ಉತ್ತರಿಸಬೇಕಿರೋದು ಈ ಪ್ರಶ್ನೆಗೆ.