ಸೆಟ್ಟು ಹೋಯಿತು, ಲೈನುಮನೆ ಉಳಿಯಿತು!

2018ರ ಡಿಸೆಂಬರ್ 21ರಂದು 'ಕೆ.ಜಿ.ಎಫ್.' ಬಿಡುಗಡೆಯಾದಾಗ ತುಮಕೂರಿನಲ್ಲಿ ಶಿಳ್ಳೆ ಹೊಡೆದ ಶೆಟ್ಟಿಹಳ್ಳಿ ಹುಡುಗರಲ್ಲಿ ನಾನೂ ಒಬ್ಬ. ಯಶ್ ಅಬ್ಬರ, ಪ್ರಶಾಂತ್ ನೀಲ್ ತೋರಿಸಿದ ಆ ದೂಳಿನ 'ನರಾಚಿ'... ಆ ಜಾಗ ಕಣ್ಣಾರೆ ನೋಡಲೇಬೇಕು ಅಂತ ಒಂದು ಭಾನುವಾರ ಹೊರಟೇಬಿಟ್ಟೆ!

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹಿಡಿದು ಹೋದೆ. ಕಣ್ಣಿಗೆ ಬಿದ್ದದ್ದು ಸೈನೈಡ್ ದಿಬ್ಬ. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡ ಅದು. ಹುಲ್ಲೂ ಸರಿಯಾಗಿ ಹುಟ್ಟದು. ಕೋಲಾರ ಜಿಲ್ಲೆಯೊಳಗೊಂದು ಪುಟ್ಟ ಮರುಭೂಮಿ! ಚಿತ್ರದ ಸೆಟ್ಟು ಹಾಕಿದ್ದು ಇಂಥ ದಿಬ್ಬದ ಮೇಲೇ. ನಾನು ಹೋದಾಗ ಬರೀ ಗಾಳಿ, ದೂಳು.

ಕೆಳಗೆ ಸಾಲುಸಾಲು ಪುಟ್ಟ ಮನೆಗಳು. ಬಾಗಿಲಲ್ಲಿ ಕೂತಿದ್ದ ಹಿರಿಯರನ್ನು, "ಇದೂ ಸೆಟ್ಟಾ ತಾತ?" ಅಂತ ಕೇಳಿಬಿಟ್ಟೆ.

"ಸೆಟ್ಟು ಬಿಚ್ಕೊಂಡು ಹೋದ್ರು ತಂಬೀ. ಇದು ಲೈನುಮನೆ. ನಮ್ಮಪ್ಪ ಗಣಿಗೆ ಇಳಿದಾಗಿಂದ ಇಲ್ಲೇ ಇದೀವಿ."

ನನ್ನ ಮುಖ ಸಣ್ಣಗಾಯಿತು.

ಈ ಊರು ಹುಟ್ಟಿದ್ದು ಯಾವ ಚಿತ್ರಕಥೆಗೂ ಕಮ್ಮಿಯಿಲ್ಲ ಮಿತ್ರರೇ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಿತು. ಬರಡು ನೆಲದ ಮೇಲೆ ಊರೇ ಎದ್ದು ನಿಂತಿತು. ದೊರೆಗಳಿಗೆ ತೋಟದ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. 'ಪುಟ್ಟ ಇಂಗ್ಲೆಂಡ್' ಅಂತ ಅಡ್ಡಹೆಸರೂ ಬಂತು! ಉತ್ತರ ಆರ್ಕಾಟ್, ಸೇಲಂ, ಚಿತ್ತೂರಿನ ಕಡೆಯಿಂದ ಹೊಟ್ಟೆಪಾಡಿಗೆ ಬಂದ ಕೂಲಿಕಾರರಿಗೆ? ಬಿದಿರು ತಟ್ಟಿಯ ಗುಡಿಸಲು. ಲೈನುಮನೆಗಳ ಮೂಲ ಅದೇ.

ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು 1902ರಲ್ಲಿ ಗಣಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ! ಅಷ್ಟು ಮುಂದಿದ್ದ ಊರಿನಲ್ಲಿ, ನೆಲದಡಿ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದು ಚಿನ್ನ ತಂದವನಿಗೆ ಮೇಲೆ ಕಾಲು ಚಾಚಲೂ ಜಾಗ ಸಾಲದು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೆಲಸ ಹೋಯಿತು. ಮನೆಯ ಹಕ್ಕಿನ ಪ್ರಶ್ನೆ ವರ್ಷಗಟ್ಟಲೆ ಎಳೆದಾಡಿತು. ಇಲ್ಲಿನ ಹುಡುಗರು ಬೆಳಗಿನ ಜಾವದ ರೈಲಿಗೇ ಬೆಂಗಳೂರಿಗೆ ದುಡಿಯಲು ಓಡುತ್ತಾರೆ.

"ಮನೆ ಕಂಪನಿದು ತಂಬೀ, ಬಾಳಿದ್ದು ಮಾತ್ರ ನಾವು," ಅಂದರು ತಾತ. ಟೀ ಕುಡಿಸಿಯೇ ಕಳಿಸಿದರು.

2022ರಲ್ಲಿ ಎರಡನೇ ಭಾಗ ಬಂದಾಗಲೂ ಮೊದಲ ದಿನವೇ ನೋಡಿದೆ. ರಾಕಿಗೆ ಶಿಳ್ಳೆ ಹೊಡೆದೆ, ಸುಳ್ಳೇಕೆ? ಆದರೆ ತೆರೆಯ ಮೇಲೆ ದೂಳೆದ್ದಾಗ ನನಗೆ ಕಂಡದ್ದು ಆ ಬಾಗಿಲು, ಆ ತಾತ. ನಿಜವಾದ ಕೆ.ಜಿ.ಎಫ್. ಹೀರೋಗೆ ಒಂದು ಶಿಳ್ಳೆ ನಾವಿನ್ನೂ ಬಾಕಿ ಇಟ್ಟುಕೊಂಡಿದ್ದೇವೆ!